ಅರಿಶಿನ ಹಚ್ಚೋ ಮೊದಲು, ಆ ಕೈ ಏನು ಕೆಲಸ ಮಾಡುತ್ತೆ ಅಂತ ಕೇಳಿ

ಚಳಿಗಾಲ ಬಂತು ಅಂದ್ರೆ ನಮ್ಮನೇಲಿ ಎರಡು ಗ್ಯಾರಂಟಿ. ಒಂದು ಅವರೆಕಾಯಿ ಸೊಗಡು, ಇನ್ನೊಂದು ಒಡೆದ ಹಿಮ್ಮಡಿ. ಹೋದ ಭಾನುವಾರ ಹೊಲದಲ್ಲಿ ಅವರೆಕಾಯಿ ಬಿಡಿಸ್ತಾ ಇದ್ವಿ. ತಮ್ಮನ ಮಗಳೂ ಬಂದಿದ್ಲು. ಪೀಣ್ಯದಲ್ಲಿ ಪ್ಲೇಟಿಂಗ್ ಶಾಪ್ ಒಂದರಲ್ಲಿ ಕೆಲಸ ಅವಳಿಗೆ. ಯಾವಾಗಲೂ ಎಲ್ಲರಿಗಿಂತ ಮೊದಲು ಸಾಲು ಮುಗಿಸೋಳು, ಅವತ್ತು ಬದುವಿನ ಮೇಲೆ ಕೂತೇ ಇದ್ಲು. ಕೈ ತೋರಿಸು ಅಂದೆ. ಬೆರಳ ಸಂದಿಯೆಲ್ಲ ಬಿರುಕು, ಮುಂಗೈ ಕೆಂಪಗೆ ಊದಿದೆ, ಮೇಲೆ ಅರಿಶಿನದ ಹಳದಿ.

"ಏನಿಲ್ಲ ದೊಡ್ಡಪ್ಪ, ಚಳಿಗೆ ಒಡೆದಿದೆ. ಅಜ್ಜಿ ಅರಿಶಿನ ಹಚ್ತಾ ಇದಾರೆ" ಅಂದ್ಲು. ಎಷ್ಟು ದಿನದಿಂದ ಅಂದ್ರೆ ಎರಡು ತಿಂಗಳು! ಅದರ ಮೇಲೆ ಫೋನಲ್ಲಿ ಯಾರೋ ಹೇಳಿದ್ದು ನೋಡಿ ನಿಂಬೆರಸ, ಅಡುಗೆ ಸೋಡಾ ಬೇರೆ ಹಚ್ಚಿದಾಳೆ.

ಮರುದಿನ ಆಸ್ಪತ್ರೆಗೆ ಕರ್ಕೊಂಡು ಹೋದೆ. ಚರ್ಮದ ಡಾಕ್ಟರು ಕೈ ನೋಡೋಕೂ ಮುಂಚೆ ಕೇಳಿದ್ದು ಒಂದೇ ಮಾತು: "ಏನು ಕೆಲಸ ಮಾಡ್ತೀಯಮ್ಮ?" ಎರಡು ತಿಂಗಳಿಂದ ಮನೇಲಿ ನಾವ್ಯಾರೂ ಕೇಳದೇ ಇದ್ದ ಪ್ರಶ್ನೆ ಅದು. ಕ್ರೋಮ್ ಇಲ್ಲಾ ನಿಕ್ಕಲ್ ಅಲರ್ಜಿ ಇರಬಹುದು, ಪ್ಯಾಚ್ ಟೆಸ್ಟ್ ಮಾಡಿ ನೋಡಬೇಕು ಅಂದ್ರು. ಈ ಅಲರ್ಜಿ ಒಂದ್ಸಲ ಬಂದ್ರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತೆ, ಆಮೇಲೆ ಸ್ವಲ್ಪ ತಾಗಿದ್ರೂ ಸಾಕು, ಮತ್ತೆ ಏಳುತ್ತೆ ಅಂತಾನೂ ಹೇಳಿದ್ರು.

ಹಾಗಂತ ನಾನು ಮನೆಮದ್ದಿನ ವಿರೋಧಿ ಅಲ್ಲ. ಒಣ ಚರ್ಮಕ್ಕೆ ನಮ್ಮ ಅಡುಗೆಮನೇಲಿ ಇರೋದೇ ಸಾಕು, ಇನ್ನೂರು ಮುನ್ನೂರು ರೂಪಾಯಿ ಡಬ್ಬಿ ಬೇಕಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಮ್ಮನೇಲಿ ಮಾಡೋದು ಇಷ್ಟು:

ಸ್ನಾನ ಆಗಿ ಮೈ ಇನ್ನೂ ಸ್ವಲ್ಪ ಒದ್ದೆ ಇರೋವಾಗಲೇ ಕೊಬ್ಬರಿ ಎಣ್ಣೆ ತೆಳ್ಳಗೆ ಸವರ್ಕೊಳ್ಳೋದು. ಎಣ್ಣೆ ಚರ್ಮಕ್ಕೆ ನೀರು ಕೊಡಲ್ಲ, ಇರೋ ನೀರು ಹಾರಿಹೋಗದ ಹಾಗೆ ತಡೆಯುತ್ತೆ. ಹೊಲಕ್ಕೆ ಮಲ್ಚಿಂಗ್ ಮಾಡಿದ ಹಾಗೆ ಅಂದ್ಕೊಳ್ಳಿ. ತೇವ ಇದ್ದಾಗ ಮುಚ್ಚಬೇಕು, ಒಣಗಿದ ಮೇಲೆ ಮುಚ್ಚಿ ಏನು ಪ್ರಯೋಜನ?

ದಿನಾ ಮೈಗೆಲ್ಲ ಸೋಪು ಬೇಡ. ಚರ್ಮ ಸ್ವಲ್ಪ ಹುಳಿ ಗುಣದ್ದು, ಸೋಪು ಕ್ಷಾರ. ಚಳಿಗಾಲದಲ್ಲಿ ದಿನಾ ಉಜ್ಜಿದ್ರೆ ಒಣಗದೆ ಇನ್ನೇನು? ಕಡ್ಲೆಹಿಟ್ಟು ಇಲ್ಲಾ ಹೆಸರುಹಿಟ್ಟು ಸಾಕು. ಹಿಮ್ಮಡಿಗೆ ರಾತ್ರಿ ಬಿಸಿನೀರಲ್ಲಿ ಕಾಲಿಟ್ಟು, ಒರೆಸಿ, ಹರಳೆಣ್ಣೆ ಹಚ್ಚಿ ಕಾಲುಚೀಲ ಹಾಕ್ಕೊಂಡು ಮಲಗಿ.

ಲೋಳೆಸರ ಕುಯ್ದ ತಕ್ಷಣ ಹಚ್ಚಬೇಡಿ. ಎಲೆ ಕುಯ್ದಾಗ ಬರೋ ಹಳದಿ ಹಾಲು ಕೆಲವರಿಗೆ ತುರಿಕೆ ತರುತ್ತೆ. ನೆಟ್ಟಗೆ ನಿಲ್ಲಿಸಿ ಅದನ್ನ ಇಳಿಬಿಟ್ಟು, ತೊಳೆದು, ಒಳಗಿನ ಲೋಳೆ ಮಾತ್ರ ತಗೊಳ್ಳಿ. ಯಾವುದೇ ಹೊಸದು ಆಗಲಿ, ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ಹೊಸ ಔಷಧಿ ಇಡೀ ತೋಟಕ್ಕೆ ಹೊಡೆಯೋ ಮೊದಲು ಎರಡು ಗಿಡಕ್ಕೆ ಹೊಡೆದು ನೋಡಲ್ವಾ, ಹಾಗೇ.

ಈಗ ಬೇಡದ್ದು. ನಿಂಬೆರಸ ಹಚ್ಕೊಂಡು ಬಿಸಿಲಿಗೆ ಹೋದ್ರೆ ಬೊಬ್ಬೆ ಏಳಬಹುದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತೆ. ನಿಂಬೆಹಣ್ಣಿನಲ್ಲಿರೋ ಅಂಶ ಬಿಸಿಲಿನ ಜೊತೆ ಸೇರಿದ್ರೆ ಆಗೋದು ಇದು. ಇಡೀ ದಿನ ಬಿಸಿಲಲ್ಲಿರೋ ನಮಗಂತೂ ನಿಂಬೆ ಸಾರಿಗೇ ಇರಲಿ. ಅಡುಗೆ ಸೋಡಾ ಚರ್ಮದ ಮೇಲೆ ಬೇಡವೇ ಬೇಡ. ಔಷಧಿ ಹೊಡೆಯೋ ಮೊದಲು ಕೈಗೆ ಕೊಬ್ಬರಿ ಎಣ್ಣೆ ಬಳ್ಕೊಳ್ಳೋರು ನಮ್ಮಲ್ಲಿ ಇನ್ನೂ ಇದಾರೆ. ಬಹಳಷ್ಟು ಕೀಟನಾಶಕ ಎಣ್ಣೆಯಲ್ಲಿ ಸಲೀಸಾಗಿ ಕರಗ್ತವೆ. ಎಣ್ಣೆ ಕೈಗವಸು ಆಗಲ್ಲ. ಮೈಮೇಲೆ ಬಿದ್ರೆ ಬಟ್ಟೆ ತೆಗೆದು, ಸೋಪು ಹಾಕಿ ಬೇಕಾದಷ್ಟು ನೀರಲ್ಲಿ ತೊಳೀಬೇಕು.

ಅರಿಶಿನದ ವಿಷಯ ಸ್ವಲ್ಪ ಉದ್ದ ಹೇಳ್ಬೇಕು. ನಾವೇ ಬೆಳೆದು, ಬೇಯಿಸಿ, ಒಣಗಿಸಿ, ಮಿಲ್ಲಿಗೆ ಹಾಕಿಸಿದ ಅರಿಶಿನ ಬೇರೆ, ಅಂಗಡಿಯ ಲೂಸ್ ಪುಡಿ ಬೇರೆ. ಬಣ್ಣ ಹೊಳೀಲಿ ಅಂತ ಅರಿಶಿನಕ್ಕೆ ಲೆಡ್ ಕ್ರೋಮೇಟ್ ಅನ್ನೋ ಹಳದಿ ಬಣ್ಣ ಬೆರೆಸೋ ಕಲಬೆರಕೆ ನಮ್ಮ ದೇಶದಲ್ಲೂ ಬಾಂಗ್ಲಾದೇಶದಲ್ಲೂ ಸಿಕ್ಕಿಬಿದ್ದಿದೆ. ಹೆಸರು ಗಮನಿಸಿ: ಲೆಡ್ ಅಂದ್ರೆ ಸೀಸ, ಕ್ರೋಮೇಟ್ ಅಂದ್ರೆ ಕ್ರೋಮ್. ಪ್ಲೇಟಿಂಗ್ ಟ್ಯಾಂಕಲ್ಲಿ ಇರೋದೂ ಇದೇ ಕ್ರೋಮ್ ಜಾತಿಯದ್ದೇ. ನಮ್ಮ ಹುಡುಗಿ ಹಚ್ಚಿದ ಪುಡೀಲಿ ಅದು ಇತ್ತು ಅಂತ ನಾನು ಹೇಳ್ತಿಲ್ಲ. ಆದ್ರೆ ಕ್ರೋಮಿಂದ ಕೆಟ್ಟ ಕೈಗೆ ಮದ್ದು ಅಂತ ನಾವೇ ಕ್ರೋಮ್ ಹಚ್ಚೋ ಸಾಧ್ಯತೆ ಇದೆಯಲ್ಲ, ಅದು ನೆನೆಸ್ಕೊಂಡ್ರೆ ನಿದ್ದೆ ಬರಲ್ಲ. ಮನೇಲೇ ಒಂದು ಸುಲಭ ಪರೀಕ್ಷೆ: ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಬಿಡಿ. ಒಳ್ಳೇದು ಕೆಳಗೆ ಇಳಿಯುತ್ತೆ, ನೀರು ತಿಳಿ ಹಳದಿ. ಬಣ್ಣ ಬೆರೆಸಿದ್ದು ನೀರನ್ನ ಗಾಢ ಹಳದಿ ಮಾಡುತ್ತೆ.

ಇದೆಲ್ಲ ರೈತರ ಪುಟದಲ್ಲಿ ಯಾಕೆ ಅಂತ ಕೇಳಬಹುದು. ನಮ್ಮ ಕಡೆ ಒಂದೊಂದು ಮನೆ ಲೆಕ್ಕ ಹಾಕಿ. ಹೊಲದಲ್ಲಿ ಒಬ್ಬರು, ಪೀಣ್ಯದಲ್ಲಿ ಒಬ್ಬರು. ಗಾರ್ಮೆಂಟ್ಸು, ಲೇತು, ಪ್ಲೇಟಿಂಗು, ಇಲ್ಲಾ ಗಾರೆ ಕೆಲಸ. ಸಿಮೆಂಟಲ್ಲೂ ಸ್ವಲ್ಪ ಕ್ರೋಮ್ ಇರುತ್ತೆ, ಗಾರೆಯವರ ಕೈ ಕೆಡೋದಕ್ಕೆ ಅದೂ ಒಂದು ಕಾರಣ. ಕ್ರೋಮ್ ಪ್ಲೇಟಿಂಗ್ ಕೆಲಸದಲ್ಲಿ ಚರ್ಮದ ಮೇಲೆ ನೋವೇ ಇಲ್ಲದೆ ಆಳಕ್ಕೆ ಹೋಗೋ ಹುಣ್ಣಾಗುತ್ತೆ. ನೋವಿಲ್ಲ ಅಂತ ಜನ ಸುಮ್ಮನಿರ್ತಾರೆ. ಹೊಲದಲ್ಲೇ ಇರೋರಿಗೆ ಪಾರ್ಥೇನಿಯಂ ಇದೆ. ಮುಖ, ಕತ್ತು, ಮೊಣಕೈ ಮಡಿಕೆಯಲ್ಲಿ ತುರಿಕೆ ಬಂದು ಚರ್ಮ ದಪ್ಪ ಆದ್ರೆ ಬೇವಿನ ನೀರಿನ ಸ್ನಾನ ಮಾಡ್ಕೊಂಡು ವರ್ಷ ಕಳೀಬೇಡಿ. ಮೊದಲು ಆ ಕಳೆಯಿಂದ ದೂರ ಇರಬೇಕು.

ಚರ್ಮದ ಆರೈಕೆಯ ಮೊದಲ ಸಾಮಾನು ನೀರು. ಪ್ಲೇಟಿಂಗ್ ಘಟಕಗಳ ತ್ಯಾಜ್ಯದಿಂದ ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದೆ ಅನ್ನೋದು ಮತ್ತೆ ಮತ್ತೆ ವರದಿಯಾದ ವಿಷಯ. ಕುಡಿಯೋ ನೀರಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಅಂತ ಭಾರತೀಯ ಮಾನಕ ಐಎಸ್ 10500 ಹೇಳುತ್ತೆ. ಬೋರ್ ನೀರು ಪರೀಕ್ಷೆಗೆ ಕೊಡೋವಾಗ ಗಡಸು, ಫ್ಲೋರೈಡ್ ಅಷ್ಟೇ ನೋಡಿಸಿ ಬರಬೇಡಿ, ಕ್ರೋಮಿಯಂ ಅಂತ ಬಾಯಿಬಿಟ್ಟು ಕೇಳಿ.

ಪೀಣ್ಯದಿಂದ ಮೆಟ್ರೋ ಹತ್ತಿ ಯಶವಂತಪುರ ದಾಟಿದ್ರೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣ. ನಾಲ್ವಡಿ ಕೃಷ್ಣರಾಜ ಒಡೆಯರ್, ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಗಂಧದ ಎಣ್ಣೆ ತೆಗೆಯೋದರಿಂದ ಶುರುವಾದ ಉದ್ಯಮ ಅದು. ನಮ್ಮ ಮಣ್ಣಿನ ಮರ ದೇಶಕ್ಕೆಲ್ಲ ಸೋಪಾಯ್ತು. ಗಿಡಮರದ ಮೇಲೆ ನನಗೆ ಅಪಾರ ನಂಬಿಕೆ ಇದೆ. ಆದ್ರೆ ಅದೇ ಮೆಟ್ರೋ ದಾರೀಲಿ ದಿನಾ ಓಡಾಡೋ ನಮ್ಮ ಮಕ್ಕಳ ಕೈ ಉಳಿಸೋಕೆ ಸರಿಯಾದ ಕೈಗವಸು, ಗಾಳಿಯಾಡೋ ಶೆಡ್ಡು, ಕೆಲಸ ಮುಗಿದ ಮೇಲೆ ತೊಳ್ಕೊಳ್ಳೋಕೆ ಒಳ್ಳೇ ನೀರು ಬೇಕು. ಕ್ರೋಮಿಯಂನಿಂದ ಬರೋ ಕಾಯಿಲೆ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲೇ ಇದೆ. ಮನೇಲಿ ಅರಿಶಿನ ಹಚ್ಕೊಂಡು ಕೂತ್ರೆ ಅದು ಚಳಿಗೆ ಒಡೆದ ಕೈ ಅಂತಾನೇ ಉಳಿಯುತ್ತೆ. ಚೀಟಿ ಬರೆಸಿದ್ರೆ ಮಾತ್ರ ಅದು ಕೆಲಸದಿಂದ ಬಂದ ಕಾಯಿಲೆ ಅಂತ ದಾಖಲೆ ಆಗುತ್ತೆ.

ನಮ್ಮ ಹುಡುಗಿ ಈಗ ರಜೆ ಮೇಲಿದಾಳೆ. ಡಾಕ್ಟರು ಕೊಟ್ಟ ಮುಲಾಮು ಹಚ್ತಾಳೆ, ಪ್ಯಾಚ್ ಟೆಸ್ಟ್ ಇನ್ನೂ ಆಗಬೇಕು. ಅದು ಹೌದು ಅಂತ ಬಂದ್ರೆ ಆ ಕೆಲಸ ಬಿಡಬೇಕಾಗುತ್ತೆ, ಮನೆ ಸಾಲದ ಕಂತು ಅವಳ ಸಂಬಳದ ಮೇಲೆ ನಿಂತಿದೆ. ಅಮ್ಮನಿಗೆ ಬೇಜಾರು, "ನನ್ನ ಅರಿಶಿನದಿಂದಲೇ ಹೀಗಾಯ್ತಾ?" ಅಂತ. ಇಲ್ಲಮ್ಮ, ತಪ್ಪು ಅರಿಶಿನದ್ದಲ್ಲ, ಕೇಳದೇ ಇದ್ದ ನಮ್ಮದು ಅಂದೆ.

ಇವತ್ತು ಸಂಜೆ ನಿಮ್ಮ ಮಕ್ಕಳು ಕೆಲಸದಿಂದ ಬಂದಾಗ ಒಂದ್ಸಲ ಕೈ ತೋರಿಸೋಕೆ ಹೇಳಿ. ಎರಡು ವಾರ ದಾಟಿದ ಬಿರುಕು, ರಜೆ ಇದ್ದಾಗ ಕಮ್ಮಿಯಾಗಿ ಕೆಲಸಕ್ಕೆ ಹೋದ್ರೆ ಜಾಸ್ತಿಯಾಗೋ ತುರಿಕೆ ಕಂಡ್ರೆ, ಕೊಬ್ಬರಿ ಎಣ್ಣೆ ಬಾಟಲಿ ಪಕ್ಕಕ್ಕಿಟ್ಟು ಡಾಕ್ಟರ ಹತ್ರ ಕರ್ಕೊಂಡು ಹೋಗಿ.