ಗುಂಪಿಗೆ ಸೇರದ ಪದ: ಅಂಕ ಕಾರಣಕ್ಕೂ ಇರಲಿ

ಜೋಳ, ಗೋಧಿ, ಕಡಲೆ, ರಾಗಿ. ಇವುಗಳಲ್ಲಿ ಗುಂಪಿಗೆ ಸೇರದ ಪದ ಯಾವುದು?

ಹುಬ್ಬಳ್ಳಿ ಸಮೀಪದ ಪ್ರೌಢಶಾಲೆಯೊಂದರ 8ನೇ ತರಗತಿಗೆ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಪಾಠ ಮುಗಿಸಿ ನಾನು ಕೊಟ್ಟ ಕಿರುಪರೀಕ್ಷೆಯ ಪ್ರಶ್ನೆ ಇದು. ಪಾಠಯೋಜನೆಯಲ್ಲಿ ಬರೆದುಕೊಂಡಿದ್ದ ಉತ್ತರ ಕಡಲೆ. ಅದು ದ್ವಿದಳ ಧಾನ್ಯ, ಉಳಿದವು ಏಕದಳ. ಒಬ್ಬ ವಿದ್ಯಾರ್ಥಿನಿ ರಾಗಿ ಎಂದು ಬರೆದಿದ್ದಳು. ತಪ್ಪು ಹಾಕಿದೆ.

ಉತ್ತರ ಪತ್ರಿಕೆ ಹಂಚಿದಾಗ ಆಕೆ ಎದ್ದು ನಿಂತಳು. “ರಾಗಿ ಯಾಕ ತಪ್ಪು ರೀ ಟೀಚರ್? ಉಳಿದ ಮೂರೂ ನಮ್ಮ ಎರಿ ಹೊಲದಾಗ ಹಿಂಗಾರಿಗೆ ಬಿತ್ತತಾರ. ರಾಗಿ ಮುಂಗಾರಿ ಬೆಳಿ ಅಲ್ರೀ?” ಖಾರಿಫ್, ರಬಿ ವಿಂಗಡಣೆಯನ್ನು ಅದೇ ಪಾಠದಲ್ಲಿ ನಾನೇ ಬೋಧಿಸಿದ್ದೆ. ಆದರೂ ಅವಧಿ ಮುಗಿಯುತ್ತಿದೆಯೆಂದು “ಉತ್ತರ ಕಡಲೆ, ಕೂತ್ಕೊ” ಎಂದುಬಿಟ್ಟೆ. ಕಡಲೆ ಎಂದು ಬರೆದಿದ್ದ ಹುಡುಗನಿಗೆ ಕಾರಣ ಕೇಳಿದರೆ, “ಅದಕ್ಕೊಂದಕ್ಕ ಮೂರು ಅಕ್ಷರ ಅದಾವ್ರೀ” ಎಂದ. ಅವನಿಗೆ ಪೂರ್ಣ ಅಂಕ, ಅವಳಿಗೆ ಸೊನ್ನೆ. ಮುಂದಿನ ಎರಡು ಪಾಠಗಳಲ್ಲಿ ಅವಳು ಕೈ ಎತ್ತಲಿಲ್ಲ.

ಈ ಬಗೆಯ ಪ್ರಶ್ನೆ ಅಳೆಯಬೇಕಾದದ್ದು ವರ್ಗೀಕರಣದ ಆಧಾರವನ್ನು. ಒಂದೇ ಪದ ನೋಡಿ ಅಂಕ ಕೊಟ್ಟರೆ ಅದು ನಮಗೆ ಕಾಣುವುದೇ ಇಲ್ಲ. ಹೀಗಾದರೆ ಎಲ್ಲ ಉತ್ತರವೂ ಸರಿಯಾಗುತ್ತದಲ್ಲ ಎಂದು ಸಹಪಾಠಿಗಳು ಕೇಳಿದರು. ಇಲ್ಲ. ಕಾರಣ ಮೂರಕ್ಕೆ ಹೊಂದಬೇಕು, ನಾಲ್ಕನೆಯದಕ್ಕೆ ಹೊಂದಬಾರದು. ಜೊತೆಗೆ ಪದದ ಅರ್ಥಕ್ಕೆ ಸಂಬಂಧಿಸಿರಬೇಕು. ಅಕ್ಷರ ಎಣಿಸಿದ ಉತ್ತರ ಇಲ್ಲಿ ನಿಲ್ಲುವುದಿಲ್ಲ, ಹಿಂಗಾರಿಯ ಉತ್ತರ ನಿಲ್ಲುತ್ತದೆ.

ಎನ್‌ಎಂಎಂಎಸ್‌ನಂಥ ಬಹುಆಯ್ಕೆ ಪರೀಕ್ಷೆಯಲ್ಲಿ ಕಾರಣ ಬರೆಯಲು ಜಾಗವಿಲ್ಲ, ನಿಜ. ಅದಕ್ಕೇ ತರಗತಿಯಲ್ಲಿ ಜಾಗ ಕೊಡಬೇಕು. ಎರಡು ಮೂರು ಆಧಾರಗಳನ್ನು ತೂಗಿ ನೋಡಿ ರೂಢಿಯಾದ ಮಗು, ಪ್ರಶ್ನೆ ತೆಗೆದವರ ಮನಸ್ಸಿನಲ್ಲಿರುವ ಗುಂಪನ್ನೂ ಊಹಿಸಬಲ್ಲದು.

ನನ್ನ ಸಲಹೆ ಎರಡು. ಪದಕ್ಕೆ ಒಂದು ಅಂಕ, ಕಾರಣಕ್ಕೆ ಒಂದು ಅಂಕ ಇರಲಿ. ಪ್ರಶ್ನೆ ತಯಾರಿಸುವಾಗ ನಾಲ್ಕೂ ಪದಗಳನ್ನು ಒಂದೊಂದಾಗಿ ಹೊರಗಿಟ್ಟು ನೋಡೋಣ. ಎರಡು ಪದಗಳಿಗೆ ಸಕಾರಣ ಸಿಕ್ಕರೆ, ರಾಗಿಯ ಬದಲು ಬಾರ್ಲಿ ಇಡಬಹುದು, ಇಲ್ಲವೇ ‘ಬೀಜದಳಗಳ ಆಧಾರದ ಮೇಲೆ’ ಎಂದು ಸೇರಿಸಬಹುದು.

ಮೂರನೆಯ ಪಾಠದ ಆರಂಭದಲ್ಲಿ ಅವಳ ಅಂಕ ತಿದ್ದಿ, ತಪ್ಪು ನನ್ನದೆಂದು ತರಗತಿಗೆ ಹೇಳಿದೆ. ನಮ್ಮ ಪಾಠ ವೀಕ್ಷಿಸುವ ಗುರುಗಳಲ್ಲಿ ಒಂದು ಕೋರಿಕೆ: ಸರಿಯುತ್ತರ ಬಂತೇ ಎಂಬುದರ ಜೊತೆಗೆ, ‘ಯಾಕೆ?’ ಎಂದು ನಾವು ಕೇಳಿದೆವೇ ಎಂಬುದನ್ನೂ ಗುರುತಿಸಿ.