ಆರೋಗ್ಯ ವಿಚಾರ: ಜಂತುಹುಳುವಿನ ಮಾತ್ರೆಯೂ ಅದರ ಮಿತಿಯೂ

ಮಾತ್ರೆ ಎಂಬ ಶಬ್ದಕ್ಕೆ ಔಷಧದ ಗುಳಿಗೆ ಎಂಬ ಅರ್ಥವಿರುವಂತೆಯೇ ಅಳತೆ, ಪ್ರಮಾಣ ಎಂಬ ಅರ್ಥವೂ ಉಂಟು. ಎರಡಕ್ಕೂ ಒಂದೇ ಹೆಸರಿರುವುದು ಉಚಿತವೇ ಆಗಿದೆ. ಆದರೆ ಜಂತುಹುಳುವಿನ ಮಾತ್ರೆಯ ವಿಷಯದಲ್ಲಿ ನಮ್ಮಲ್ಲಿ ಅನೇಕರು ಅಳತೆಯನ್ನೇ ಮರೆಯುತ್ತಾರೆ. “ಹುಳುವಿನ ಮಾತ್ರೆ ತಾನೆ, ಒಂದು ಹೆಚ್ಚಾದರೇನು?” ಎಂಬ ಮಾತು ಹಾಸನದ ಪೇಟೆಯಲ್ಲಿಯೂ ಕೇಳಿಬರುತ್ತದೆ, ಅರಕಲಗೂಡಿನ ಹಳ್ಳಿಯಲ್ಲಿಯೂ ಕೇಳಿಬರುತ್ತದೆ.

ಹುಳುವಿನ ಬಾಧೆ ಅಲ್ಪವಾದುದಲ್ಲ. ಬಯಲಿನಲ್ಲಿ ಮಲವಿಸರ್ಜನೆ ಮಾಡಿದ ನೆಲ ತೇವವಾಗಿದ್ದರೆ ಅಲ್ಲಿ ಕೊಕ್ಕೆಹುಳುವಿನ ಮರಿಗಳು ಬೆಳೆಯುತ್ತವೆ. ಹೊಳೆನರಸೀಪುರದ ಗದ್ದೆಯಲ್ಲಾಗಲಿ, ಅರಕಲಗೂಡಿನ ಶುಂಠಿಯ ಹೊಲದಲ್ಲಾಗಲಿ ಅಂತಹ ನೆಲವನ್ನು ಬರಿಗಾಲಿನಿಂದ ತುಳಿದವರ ಚರ್ಮವನ್ನು ಅವು ಕೊರೆದು ಒಳಸೇರಿ, ಕಡೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ದುಂಡುಹುಳುವಿನ ಮೊಟ್ಟೆಗಳಾದರೋ ಮಣ್ಣಾದ ಕೈಯಿಂದಲೂ ತೊಳೆಯದ ಸೊಪ್ಪಿನಿಂದಲೂ ಬಾಯಿಗೆ ಹೋಗುತ್ತವೆ. ಮಗು ಬಿಳಿಚಿಕೊಳ್ಳುತ್ತದೆ, ಸೊರಗುತ್ತದೆ, ಪಾಠದಲ್ಲಿ ಮನಸ್ಸು ನಿಲ್ಲದಂತಾಗುತ್ತದೆ.

ಇದಕ್ಕಾಗಿಯೇ 2015ರಿಂದ ನಮ್ಮ ದೇಶದಲ್ಲಿ ಜಂತುಹುಳು ನಿವಾರಣಾ ದಿನವನ್ನು ಆಚರಿಸಲಾಗುತ್ತಿದೆ. ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10 ಅದರ ದಿನಗಳು. ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ 1 ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಎಂಬ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. ಮಾತ್ರೆಯೊಂದರಲ್ಲಿ 400 ಮಿಲಿಗ್ರಾಂ ಔಷಧವಿರುತ್ತದೆ.

ಪ್ರಮಾಣವನ್ನು ತಾಯಂದಿರು ಚೆನ್ನಾಗಿ ನೆನಪಿಡತಕ್ಕದ್ದು. 1 ವರ್ಷ ತುಂಬಿ 2 ವರ್ಷ ತುಂಬದ ಕೂಸಿಗೆ ಅರ್ಧ ಮಾತ್ರೆ, ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡಬೇಕು. 2 ರಿಂದ 3 ವರ್ಷದ ಮಗುವಿಗೆ ಇಡೀ ಮಾತ್ರೆ, ಅದನ್ನೂ ಪುಡಿಮಾಡಿಯೇ ಕೊಡಬೇಕು. ಅದಕ್ಕೆ ಮೇಲ್ಪಟ್ಟವರು ಒಂದು ಮಾತ್ರೆಯನ್ನು ಚೆನ್ನಾಗಿ ಅಗಿದು ನೀರು ಕುಡಿಯಬೇಕು. ಅಳುವ ಮಗುವಿನ ಬಾಯಿಗೆ ಬಲವಂತವಾಗಿ ಮಾತ್ರೆ ತುರುಕಿದರೆ ಅದು ಗಂಟಲಿಗೆ ಸಿಕ್ಕಿ ಪ್ರಾಣಾಪಾಯವೇ ಸಂಭವಿಸೀತು. ಶಾಲೆಯಲ್ಲಿ ಮಾತ್ರೆಯನ್ನು ಮನೆಗೆ ಕಳುಹಿಸದೆ ಉಪಾಧ್ಯಾಯರ ಕಣ್ಣೆದುರಿಗೇ ತಿನ್ನಿಸುವುದು ಪ್ರಮಾಣ ತಪ್ಪದಿರಲೆಂದು. ಅಲ್ಲಿ ತಿಂದ ಮಗುವಿಗೆ ಸಂಜೆ ಅಂಗಡಿಯಿಂದ ತಂದು ಇನ್ನೊಂದನ್ನು ಕೊಡತಕ್ಕದ್ದಲ್ಲ. ಉಪವಾಸ ಬೇಕಿಲ್ಲ; ಹಿಂದಿನವರಂತೆ ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವುದೂ ಬೇಕಿಲ್ಲ.

ಚನ್ನರಾಯಪಟ್ಟಣದ ಕಡೆ ಡೈರಿಗೆ ಹಾಲು ಹಾಕುವ ಮನೆಗಳವರು ಇನ್ನೊಂದು ಎಚ್ಚರವನ್ನು ವಹಿಸಬೇಕು. ಕೊಟ್ಟಿಗೆಯ ಗೂಡಿನಲ್ಲಿರುವ ದನದ ಹುಳುವಿನ ಔಷಧವೂ ಅನೇಕ ಸಲ ಇದೇ ಆಲ್ಬೆಂಡಜೋಲ್. ಹೆಸರು ಒಂದೇ ಎಂದು ಅದನ್ನು ಮನುಷ್ಯರಿಗೆ ಕೊಟ್ಟರೆ ಅನರ್ಥವಾದೀತು. ದನಕ್ಕೆಂದು ಮಾಡಿದ ದೊಡ್ಡ ಗುಳಿಗೆಯಲ್ಲಿ 1,500 ಮಿಲಿಗ್ರಾಂ, ಕೆಲವದರಲ್ಲಿ ಅದಕ್ಕೂ ಹೆಚ್ಚು ಔಷಧವಿರುತ್ತದೆ. ಎಂದರೆ ನಮ್ಮ ಮಾತ್ರೆಯ ಸುಮಾರು ನಾಲ್ಕರಷ್ಟು. ಮಿತಿಮೀರಿದ ಆಲ್ಬೆಂಡಜೋಲ್ ಯಕೃತ್ತಿಗೂ, ರಕ್ತ ಹುಟ್ಟುವ ಅಸ್ಥಿಮಜ್ಜೆಗೂ ಹಾನಿ ಮಾಡಬಲ್ಲುದು. ಹಸುವಿಗೆ ತೂಕ ನೋಡಿ, ಗಬ್ಬವಾಗಿದೆಯೇ ಎಂದು ಕೇಳಿ ಔಷಧ ಹಾಕಿಸುವ ಮನೆಯಲ್ಲಿ, ಮಗುವಿಗೆ ಕೈಗೆ ಬಂದಷ್ಟು ಕುಡಿಸುವುದು ಸರಿಯೆ?

ಅಂಗಡಿಯಲ್ಲಿ “ಹುಳುವಿನ ಮಾತ್ರೆ” ಎಂದು ಕೇಳಿ ತರುವುದರಲ್ಲಿಯೂ ತೊಡಕುಂಟು. ಐವರ್‌ಮೆಕ್ಟಿನ್ ಎಂಬುದು ಬೇರೆ ಔಷಧ. ಅದನ್ನು ದೇಹದ ತೂಕಕ್ಕೆ ಅನುಸಾರವಾಗಿ ಲೆಕ್ಕಹಾಕಿ ವೈದ್ಯರು ಕೊಡುತ್ತಾರೆ. 15 ಕಿಲೋಗ್ರಾಂ ತೂಗದ ಮಕ್ಕಳಿಗೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಇವೆರಡೂ ಸೇರಿದ ಮಾತ್ರೆಗಳೂ ಮಾರಾಟಕ್ಕಿವೆ. ಆದುದರಿಂದ ಹೊದಿಕೆಯ ಮೇಲಿನ ಹೆಸರನ್ನೂ ಪ್ರಮಾಣವನ್ನೂ ಓದಿಸಿಕೊಳ್ಳದೆ ಯಾವುದನ್ನೂ ನುಂಗಬಾರದು. 2021ರಲ್ಲಿ ಕೋವಿಡ್ಡಿನ ಭಯದಿಂದ ಎಷ್ಟೋ ಜನ ಐವರ್‌ಮೆಕ್ಟಿನ್ ನುಂಗಿದರು. ಸಂಶೋಧನೆಯ ಹೊರತು ಆ ಬೇನೆಗೆ ಅದನ್ನು ಬಳಸಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷದ ಮಾರ್ಚಿಯಲ್ಲಿಯೇ ತಿಳಿಸಿತ್ತು.

ಕೆಲವರು ವೈದ್ಯರನ್ನು ಕಾಣದೆ ಜಂತುಹುಳುವಿನ ಮಾತ್ರೆಯನ್ನು ಮುಟ್ಟಲೇಬಾರದು. ಗರ್ಭಿಣಿಯರು, ಅದರಲ್ಲಿಯೂ ಮೊದಲ ಮೂರು ತಿಂಗಳವರು, ಆಲ್ಬೆಂಡಜೋಲ್ ಸೇವಿಸಕೂಡದು. ಜ್ವರವೋ ಬೇರೆ ಕಾಯಿಲೆಯೋ ಇರುವ ಮಗುವಿಗೆ ಆ ದಿನ ಬೇಡ. ಗುಣವಾದ ಮೇಲೆ, ತಪ್ಪಿದವರಿಗೆಂದು ಗೊತ್ತುಮಾಡಿದ ದಿನದಲ್ಲಿ ಕೊಡಿಸಬಹುದು. ಫಿಟ್ಸ್ ಬಂದವರ ವಿಷಯ ಇನ್ನೂ ಸೂಕ್ಷ್ಮ. ಹಂದಿಯ ಲಾಡಿಹುಳುವಿನ ಮೊಟ್ಟೆ ತೊಳೆಯದ ತರಕಾರಿಯ ಮೂಲಕ ಮಾಂಸ ಮುಟ್ಟದವರ ಹೊಟ್ಟೆಗೂ ಸೇರಿ, ಮರಿಗಳು ಮಿದುಳಿನಲ್ಲಿ ನೆಲೆಸಬಲ್ಲವು. ಔಷಧದಿಂದ ಅವು ಸಾಯುವಾಗ ಮಿದುಳಿನಲ್ಲಿ ಬಾವು ಎದ್ದು ಫಿಟ್ಸ್ ಮರುಕಳಿಸೀತು. ಅವರ ಚಿಕಿತ್ಸೆಯ ಕ್ರಮವೇ ಬೇರೆ.

ಮಾತ್ರೆ ತಿಂದ ಮೇಲೆ ಸ್ವಲ್ಪ ಹೊಟ್ಟೆನೋವು, ಓಕರಿಕೆ, ತಲೆಸುತ್ತು ಕಾಣಿಸಿದರೆ ಗಾಬರಿಯಾಗಬೇಕಾದುದಿಲ್ಲ. ಹುಳು ಹೆಚ್ಚಾಗಿದ್ದವರಲ್ಲಿ ಹೀಗಾಗುವುದುಂಟು. ನೆರಳಿನಲ್ಲಿ ಮಲಗಿಸಿ ನೀರು ಕೊಡಿ. ಬಾಧೆ ನಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಕೂಡಲೇ ಕರೆದೊಯ್ಯಿರಿ.

ಮಾತ್ರೆಯು ಹೊಟ್ಟೆಯೊಳಗಿನ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮಣ್ಣಿನಲ್ಲಿರುವುದನ್ನಲ್ಲ. ಆದುದರಿಂದಲೇ ಆರು ತಿಂಗಳಿಗೊಮ್ಮೆ ಮತ್ತೆ ಕೊಡುವುದು. ಶೌಚಾಲಯದ ಬಳಕೆ, ಕಾಲಿಗೆ ಚಪ್ಪಲಿ, ಊಟಕ್ಕೆ ಮೊದಲು ಸೋಪಿನಿಂದ ಕೈತೊಳೆಯುವುದು, ಸೊಪ್ಪು ತರಕಾರಿಯನ್ನು ಚೆನ್ನಾಗಿ ತೊಳೆಯುವುದು, ಈ ನಾಲ್ಕು ಅಭ್ಯಾಸಗಳು ಮನೆಯಲ್ಲಿ ನೆಲೆಸಿದರೆ ತಕ್ಕ ಪ್ರಮಾಣದ ಒಂದು ಮಾತ್ರೆ ತನ್ನ ಕೆಲಸವನ್ನು ಮಾಡೀತು.