ಡಿಸ್ಕಿನ ಎಚ್ಚರಿಕೆಯೂ ಪೇಜ್‌ಫೈಲಿನ ಸ್ಥಾನವೂ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಲ್ಲಿ ನನ್ನ ತಂಗಿಯ ಮನೆಯಿದೆ. ಕಳೆದ ಬೇಸಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ, ವಾಣಿಜ್ಯ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿರುವ ಅವಳ ಮಗನು ಲ್ಯಾಪ್‌ಟಾಪಿನ ಮುಂದೆ ಮುಖ ಸಪ್ಪೆ ಮಾಡಿಕೊಂಡು ಕುಳಿತಿದ್ದನು. ಅಡಕೆ ವ್ಯಾಪಾರದ ಲೆಕ್ಕಪತ್ರಗಳನ್ನು ಕುರಿತು ಅವನೊಂದು ಪ್ರಬಂಧವನ್ನು ಸಿದ್ಧಪಡಿಸುತ್ತಿದ್ದನು. ಬೆಳಗಿನಿಂದ ಬೆರಳಚ್ಚು ಮಾಡಿದ್ದ ಆರು ಹಾಳೆಗಳು, ಸ್ಮೃತಿ ಸಾಲದೆಂಬ ಒಂದು ಸೂಚನೆ ಪರದೆಯ ಮೇಲೆ ಕಾಣಿಸಿಕೊಂಡ ಮರುಕ್ಷಣದಲ್ಲಿ ಇಲ್ಲವಾಗಿದ್ದವು. ಆಗಾಗ ಉಳಿಸಿಕೊಳ್ಳಬೇಕಾಗಿತ್ತು ಎಂದು ಹೇಳುವುದು ಸುಲಭ. ಆದರೆ ನಾಲ್ಕು ವರ್ಷ ತಕ್ಕಮಟ್ಟಿಗೆ ನಡೆದಿದ್ದ ಯಂತ್ರವು ಈಗೇಕೆ ಹೀಗೆ ಕೈಕೊಟ್ಟಿತು?

ವಿಚಾರಿಸಿದಾಗ ಇದರ ಹಿಂದಿನ ಕಥೆ ಹೊರಬಿತ್ತು. ಕೆಲವು ತಿಂಗಳಿಂದ ಪರದೆಯ ಮೂಲೆಯಲ್ಲಿ, ಸಿ ಡ್ರೈವಿನಲ್ಲಿ ಸ್ಥಳ ಕಡಿಮೆಯಾಗಿದೆಯೆಂಬ ಎಚ್ಚರಿಕೆ ಬರುತ್ತಿತ್ತು. ಹತ್ತಿರದ ಪೇಟೆಯ ರಿಪೇರಿ ಅಂಗಡಿಯೊಂದರಲ್ಲಿ ಪೇಜ್‌ಫೈಲ್ ಎಂಬ ಭಾರಿ ಕಡತವನ್ನು ಸಿಯಿಂದ ಡಿಗೆ ವರ್ಗಾಯಿಸಿ ಕಳುಹಿಸಿದರು. ಎರಡು ತಿಂಗಳಲ್ಲಿ ಸಿ ಮತ್ತೆ ತುಂಬಿತು. ಯಂತ್ರವೂ ನಿಧಾನವೆಂದು ತೋರಿತು. ಆಗ ಬಲ್ಲವನೆನಿಸಿಕೊಂಡ ಒಬ್ಬ ಸ್ನೇಹಿತನು, ಇದರಿಂದಲೇ ನಿಧಾನವೆಂದು ಪೇಜ್‌ಫೈಲನ್ನು ಸಂಪೂರ್ಣವಾಗಿ ತೆಗೆದುಹಾಕಿದನು. ಎಚ್ಚರಿಕೆ ಬಾರದಂತೆ ರಿಜಿಸ್ಟ್ರಿಯಲ್ಲಿ ಅದರ ಬಾಯನ್ನೂ ಕಟ್ಟಿಹಾಕಿದನು. ಪ್ರಬಂಧವು ನಷ್ಟವಾದದ್ದು ಇದಾದ ಹತ್ತು ದಿನಗಳಲ್ಲಿ.

ಈ ಎರಡು ಚಿಕಿತ್ಸೆಗಳೂ ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಪ್ರಚಾರದಲ್ಲಿವೆ. ನನ್ನ ಮತದಲ್ಲಿ ಮೊದಲನೆಯದು ಬಹುಮಟ್ಟಿಗೆ ನಿಷ್ಫಲ, ಎರಡನೆಯದು ಹಾನಿಕರ. ಏಕೆಂಬುದನ್ನು ತಿಳಿಯಬೇಕಾದರೆ ಪೇಜ್‌ಫೈಲ್ ಎಂಬುದು ಏತಕ್ಕಾಗಿ ಇದೆಯೆಂಬುದನ್ನು ಮೊದಲು ನೋಡಬೇಕು.

ಗಣಕಯಂತ್ರವು ಕೆಲಸಮಾಡುವಾಗ ಕೈಗೆಟಕುವಂತೆ ಇಟ್ಟುಕೊಳ್ಳುವ ಸ್ಮೃತಿಗೆ ರ‍್ಯಾಮ್ ಎಂದು ಹೆಸರು. ಇದು ಅತಿ ವೇಗವಾದುದು, ಬೆಲೆಯುಳ್ಳದ್ದು, ಆದುದರಿಂದ ಪರಿಮಿತವಾದುದು. ಡಿಸ್ಕು ನಿಧಾನವಾದುದು, ಆದರೆ ವಿಶಾಲವಾದುದು. ಸದ್ಯಕ್ಕೆ ಬೇಡವಾದ ಮಾಹಿತಿಯನ್ನು ಸ್ಮೃತಿಯಿಂದ ಡಿಸ್ಕಿಗೆ ಇಳಿಸಿ, ಬೇಕಾದಾಗ ಮತ್ತೆ ಮೇಲಕ್ಕೆ ತಂದುಕೊಂಡರೆ ಸಣ್ಣ ಸ್ಮೃತಿಯಿಂದ ದೊಡ್ಡ ಕೆಲಸವನ್ನು ಮಾಡಿಸಬಹುದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಟಾಮ್ ಕಿಲ್‌ಬರ್ನ್ ಮತ್ತು ಸಂಗಡಿಗರು ರೂಪಿಸಿದ ಅಟ್ಲಾಸ್ ಎಂಬ ಗಣಕದಲ್ಲಿ ಈ ಉಪಾಯವು ಪ್ರಥಮತಃ ಕಾರ್ಯಗತವಾಯಿತು. 1962ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡ ಆ ಯಂತ್ರದ ಮುಖ್ಯ ಸ್ಮೃತಿಯಲ್ಲಿ ಸುಮಾರು 16,000 ಪದಗಳಿಗೆ ಮಾತ್ರ ಸ್ಥಳವಿತ್ತು. ತಿರುಗುವ ಅಯಸ್ಕಾಂತೀಯ ಪೀಪಾಯಿಗಳಲ್ಲಿ ಅದರ ಆರರಷ್ಟು ಸ್ಥಳವಿತ್ತು. ಮಾಹಿತಿಯನ್ನು 512 ಪದಗಳ ಕಟ್ಟುಗಳಾಗಿ ಕೆಳಗೂ ಮೇಲಕ್ಕೂ ಸಾಗಿಸುತ್ತಿದ್ದರು. ಆ ಕಟ್ಟಿಗೆ ಪೇಜ್, ಎಂದರೆ ಪುಟ, ಎಂಬ ಹೆಸರು ಬಂದಿತು. ಇಂದಿನ ಪೇಜ್‌ಫೈಲಿನ ಹೆಸರಿನಲ್ಲಿ ಉಳಿದಿರುವುದು ಆ ಪುಟವೇ.

ವಿಂಡೋಸ್ ವ್ಯವಸ್ಥೆಯಲ್ಲಿ ಇದಕ್ಕೆ ಇನ್ನೊಂದು ಮುಖ್ಯವಾದ ಕರ್ತವ್ಯವೂ ಉಂಟು. ಬಹುಮಂದಿ ಮರೆಯುವುದು ಇದನ್ನೇ. ಒಂದು ಕಾರ್ಯಕ್ರಮವು ತನಗೆ ಇಷ್ಟು ಸ್ಮೃತಿ ಬೇಕೆಂದು ಕೇಳಿದಾಗ ವಿಂಡೋಸ್ ಅದಕ್ಕೆ ಮಾತು ಕೊಡುತ್ತದೆ. ಕೊಟ್ಟ ಮಾತುಗಳ ಒಟ್ಟು ಮೊತ್ತವು ರ‍್ಯಾಮ್ ಮತ್ತು ಪೇಜ್‌ಫೈಲ್ ಇವೆರಡರ ಮೊತ್ತವನ್ನು ಮೀರಕೂಡದು. ಕಾರ್ಯಕ್ರಮಗಳು ಕೇಳಿಕೊಂಡ ಸ್ಮೃತಿಯನ್ನೆಲ್ಲ ಬಳಸುವುದಿಲ್ಲ. ಆದರೂ ಮಾತು ಕೊಟ್ಟದ್ದಕ್ಕೆ ಆಧಾರವನ್ನು ತೋರಿಸಲೇಬೇಕು. ಪೇಜ್‌ಫೈಲಿನಲ್ಲಿ ಒಂದಕ್ಷರವೂ ಬರೆಯಲ್ಪಡದೆ ಇದ್ದಾಗಲೂ ಅದು ಆ ಆಧಾರವಾಗಿ ನಿಂತಿರುತ್ತದೆ. ನನ್ನ ಅಳಿಯನ ಯಂತ್ರದಲ್ಲಿ ರ‍್ಯಾಮ್ 4 ಜಿಬಿ. 6 ಜಿಬಿ ಪೇಜ್‌ಫೈಲ್ ಇದ್ದರೆ ಮಿತಿ 10 ಜಿಬಿ ಆಗುತ್ತದೆ. ಅದನ್ನು ಅಳಿಸಿದರೆ ಮಿತಿಯು 4ಕ್ಕೂ ತುಸು ಕಡಿಮೆಗೆ ಬೀಳುತ್ತದೆ. ಬ್ರೌಸರಿನಲ್ಲಿ ಹತ್ತು ಹನ್ನೆರಡು ಪುಟಗಳನ್ನು ತೆರೆದಿಟ್ಟು, ಅದರ ಜೊತೆಗೆ ಪ್ರಬಂಧವನ್ನೂ ಲೆಕ್ಕದ ಹಾಳೆಯನ್ನೂ ತೆರೆದರೆ ಆ ಮಿತಿ ಮುಗಿಯುತ್ತದೆ. ಆಗ ವಿಂಡೋಸ್ ಹೊಸ ಮಾತು ಕೊಡಲು ನಿರಾಕರಿಸುತ್ತದೆ; ಕೇಳಿದ ಕಾರ್ಯಕ್ರಮವು ಬಹುಮಟ್ಟಿಗೆ ಕುಸಿದುಬೀಳುತ್ತದೆ. ಆರು ಹಾಳೆಗಳು ಹೋದದ್ದು ಹೀಗೆ.

ಇನ್ನು ಸಿಯಿಂದ ಡಿಗೆ ಸಾಗಿಸುವ ಪ್ರಶ್ನೆ. ಅಳಿಯನೇ ಕೇಳಿದನು: “ಮಾವ, ಡಿ ಡ್ರೈವಿನಲ್ಲಿ ಬೇಕಾದಷ್ಟು ಜಾಗ ಖಾಲಿ ಇದೆಯಲ್ಲ, ಅಲ್ಲಿಟ್ಟರೆ ತಪ್ಪೇನು?” ಸಿ ಮತ್ತು ಡಿ ಎರಡು ಬೇರೆ ಡಿಸ್ಕುಗಳೆಂದು ಅವನು ಭಾವಿಸಿದ್ದನು. ಅವು ಒಂದೇ ಡಿಸ್ಕಿನ ಎರಡು ಭಾಗಗಳು. ಕೆರೆಬಿಳಚಿಯವರಿಗೆ ಇದನ್ನು ತಿಳಿಸಲು ದೂರ ಹೋಗಬೇಕಾಗಿಲ್ಲ. ನೆರೆಯಲ್ಲಿಯೇ ಸೂಳೆಕೆರೆ, ಎಂದರೆ ಶಾಂತಿಸಾಗರ, ಇದೆ. ಸುಮಾರು 330 ಚದರ ಕಿಲೋಮೀಟರಿನ ಜಲಾನಯನ ಪ್ರದೇಶದಿಂದ ಹರಿದುಬಂದ ಹರಿದ್ರಾ ಹಳ್ಳದ ನೀರನ್ನು ಹಿಡಿದು ನಿಲ್ಲಿಸಿರುವ ಈ ಕೆರೆಯಿಂದ ಸಿದ್ಧ, ಬಸವ ಎಂಬ ಎರಡು ನಾಲೆಗಳು ಹೊರಡುತ್ತವೆ. ಒಂದರಲ್ಲಿ ನೀರು ಸಾಲದೆಂದು ಇನ್ನೊಂದರ ತೂಬನ್ನು ಎತ್ತಿದರೆ ಕೆರೆಯ ನೀರು ಹೆಚ್ಚಾಗುವುದಿಲ್ಲ. ಹಾಗೆಯೇ ಒಂದೇ ಹಾರ್ಡ್ ಡಿಸ್ಕಿನ ಡಿ ಭಾಗಕ್ಕೆ ಪೇಜ್‌ಫೈಲನ್ನು ಸಾಗಿಸಿದರೆ ಡಿಸ್ಕಿಗೆ ಎರಡನೆಯ ಕೈ ಬರುವುದಿಲ್ಲ. ಓದುವ ಹೆಡ್ ಸಿ ಭಾಗಕ್ಕೂ ಡಿ ಭಾಗಕ್ಕೂ ನಡುವೆ ಓಡಾಡಬೇಕಾಗುತ್ತದೆ. ಅಂಥ ಒಂದು ಓಡಾಟಕ್ಕೆ ಒಂದು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ ಹಿಡಿಯಬಹುದು. ರ‍್ಯಾಮಿನ ಲೆಕ್ಕದಲ್ಲಿ ಇದು ಒಂದು ಲಕ್ಷಪಟ್ಟು ನಿಧಾನ. ಮೇಲಾಗಿ, ಸಾಮಾನ್ಯವಾಗಿ ಮೊದಲ ಭಾಗವಾದ ಸಿ ಡಿಸ್ಕಿನ ಹೊರ ಅಂಚಿನ ವೇಗವಾದ ಪಥಗಳಲ್ಲಿರುತ್ತದೆ. ಡಿ ಅದಕ್ಕಿಂತ ಒಳಕ್ಕೆ ಇರುತ್ತದೆ.

ಸಾಗಿಸಿದುದರಿಂದ ಸಿ ಡ್ರೈವಿನಲ್ಲಿ ಕೆಲವು ಜಿಬಿ ತೆರವಾಗುವುದೇನೋ ನಿಜ. ಡಿ ಭಾಗದಲ್ಲಿದ್ದರೂ ಅದು ಆಧಾರದ ಕೆಲಸವನ್ನು ಮಾಡುತ್ತದೆಂಬುದೂ ನಿಜ. ಆದರೆ ಯಂತ್ರವು ನೀಲಿ ಪರದೆಯನ್ನು ತೋರಿಸಿ ನಿಂತಾಗ, ಆ ಕ್ಷಣದ ಸ್ಥಿತಿಯನ್ನು ವಿಂಡೋಸ್ ಬರೆದಿಡುವುದು ವಾಡಿಕೆಯಾಗಿ ಸಿ ಡ್ರೈವಿನಲ್ಲಿರುವ ಪೇಜ್‌ಫೈಲಿನ ಮೂಲಕ. ಅದು ಅಲ್ಲಿಲ್ಲದಿದ್ದರೆ, ಬೇರೆ ಏರ್ಪಾಡು ಮಾಡಿರದ ಪಕ್ಷದಲ್ಲಿ, ಯಂತ್ರವು ಏಕೆ ನಿಂತಿತೆಂಬುದಕ್ಕೆ ಸಾಕ್ಷ್ಯವೇ ಉಳಿಯುವುದಿಲ್ಲ.

ಹಾಗಾದರೆ ಎಂದಿಗೂ ಸಾಗಿಸಕೂಡದೆ? ಯಂತ್ರದಲ್ಲಿ ನಿಜವಾಗಿಯೂ ಎರಡು ಡಿಸ್ಕುಗಳಿದ್ದು, ಎರಡನೆಯದು ಹೆಚ್ಚು ವೇಗವಾದುದಾಗಿದ್ದರೆ ದೊಡ್ಡ ಪೇಜ್‌ಫೈಲನ್ನು ಅದರಲ್ಲಿಟ್ಟು, ಸಿ ಡ್ರೈವಿನಲ್ಲಿ ಚಿಕ್ಕದೊಂದನ್ನು ಉಳಿಸಿಕೊಳ್ಳುವುದು ಯುಕ್ತ. ಇದಕ್ಕೆ ವಿರುದ್ಧವಾದ ತಪ್ಪನ್ನು ಮಾಡುವವರೂ ಇದ್ದಾರೆ. ಎಸ್‌ಎಸ್‌ಡಿ ಸವೆದುಹೋದೀತೆಂಬ ಭಯದಿಂದ ಅವರು ಪೇಜ್‌ಫೈಲನ್ನು ಹಳೆಯ ತಿರುಗುವ ಡಿಸ್ಕಿಗೆ ಅಟ್ಟುತ್ತಾರೆ. ಮೈಕ್ರೋಸಾಫ್ಟಿನ ತಂತ್ರಜ್ಞರು 2009ರಲ್ಲಿ, ವಿಂಡೋಸ್ 7 ಸಿದ್ಧವಾಗುತ್ತಿದ್ದಾಗ, ಈ ವಿಷಯವನ್ನು ಅಳೆದು ಪ್ರಕಟಿಸಿದರು. ಪೇಜ್‌ಫೈಲಿಗೆ ಒಂದು ಸಲ ಬರೆದರೆ ಸುಮಾರು ನಲವತ್ತು ಸಲ ಅದರಿಂದ ಓದುತ್ತಾರೆ. ಆ ಓದುಗಳಲ್ಲಿ ನೂರಕ್ಕೆ 67 ಕೇವಲ 4 ಕಿಲೋಬೈಟ್ ಅಥವಾ ಅದಕ್ಕೂ ಸಣ್ಣವು. ಚಿಕ್ಕ ಚಿಕ್ಕ ಚೂರುಗಳನ್ನು ಅಲ್ಲಲ್ಲಿಂದ ಹೆಕ್ಕುವ ಕೆಲಸದಲ್ಲಿ ಎಸ್‌ಎಸ್‌ಡಿಗೆ ಸಮನಾದ ಡಿಸ್ಕಿಲ್ಲ. ಪೇಜ್‌ಫೈಲನ್ನು ಅಲ್ಲಿಯೇ ಇಡುವುದು ಸರಿ.

ಆದರೆ ಅಳಿಯನ ಯಂತ್ರದ ನಿಜವಾದ ರೋಗವು ಪೇಜ್‌ಫೈಲಿನಲ್ಲಿರಲಿಲ್ಲ. ಯಂತ್ರವನ್ನು ಕೊಂಡ ದಿನವೇ ಅದು ಹತ್ತಿತ್ತು. 500 ಜಿಬಿ ಡಿಸ್ಕನ್ನು ಮೂರಾಗಿ ಕತ್ತರಿಸಿ ಸಿ ಡ್ರೈವಿಗೆ ಬರಿಯ 60 ಜಿಬಿ ಕೊಟ್ಟಿದ್ದರು. (500 ಎಂದು ಕೊಂಡದ್ದು 465 ಎಂದು ತೋರಿದರೆ ಮೋಸವಾಯಿತೆಂದು ತಿಳಿಯಬೇಡಿ, ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1,024ರ ಲೆಕ್ಕದಲ್ಲಿಯೂ ಎಣಿಸುತ್ತಾರೆ, ಅಷ್ಟೆ.) ಹೀಗೆ ಸಿ ಡ್ರೈವನ್ನು ಇಕ್ಕಟ್ಟು ಮಾಡಿ ಡಿ, ಇಗಳನ್ನು ಹಿಗ್ಗಿಸುವುದು ನಮ್ಮ ಅಂಗಡಿಗಳ ಹಳೆಯ ಸಂಪ್ರದಾಯ. ವಿಂಡೋಸ್ ಕೆಟ್ಟರೆ ಸಿ ಡ್ರೈವನ್ನು ಮಾತ್ರ ಅಳಿಸಿ ಮತ್ತೆ ತುಂಬಬಹುದು, ಡಿಯಲ್ಲಿನ ಕಡತಗಳು ಉಳಿಯುತ್ತವೆ ಎಂಬುದು ಅದರ ಸಮರ್ಥನೆ. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಡಿಸ್ಕೇ ಕೆಟ್ಟರೆ ಮೂರು ಭಾಗಗಳೂ ಒಟ್ಟಿಗೆ ಹೋಗುತ್ತವೆ. ಕಡತಗಳ ರಕ್ಷಣೆಗೆ ಬೇರೊಂದು ಡಿಸ್ಕಿನಲ್ಲಿ ಪ್ರತಿಯನ್ನಿಡುವುದೇ ಉಪಾಯ, ಗೆರೆ ಎಳೆಯುವುದಲ್ಲ.

ಇಕ್ಕಟ್ಟಾದ ಸಿ ಡ್ರೈವು ಪೇಜ್‌ಫೈಲಿನ ಕೊರಳನ್ನೂ ಬಿಗಿಯುತ್ತದೆ. ವಿಂಡೋಸ್ 10ರಲ್ಲಿ ಗಾತ್ರದ ನಿರ್ಧಾರವನ್ನು ವ್ಯವಸ್ಥೆಗೇ ಬಿಟ್ಟರೆ, ಅದು ರ‍್ಯಾಮಿನ ಮೂರರಷ್ಟು ಅಥವಾ 4 ಜಿಬಿ, ಇವುಗಳಲ್ಲಿ ಯಾವುದು ದೊಡ್ಡದೋ ಅಲ್ಲಿಯವರೆಗೆ ಬೆಳೆಯಬಹುದು. ಆದರೆ ಸಾಮಾನ್ಯವಾಗಿ ಆ ಡ್ರೈವಿನ ಗಾತ್ರದ ಎಂಟನೆಯ ಒಂದು ಪಾಲನ್ನು ಮೀರಕೂಡದು. 4 ಜಿಬಿ ರ‍್ಯಾಮಿಗೆ 12 ಜಿಬಿಯವರೆಗೆ ಅವಕಾಶವುಂಟು. 60 ಜಿಬಿ ಡ್ರೈವಿನಲ್ಲಿ ಅದು ಏಳೂವರೆಗೇ ನಿಂತುಬಿಡುತ್ತದೆ. ಡ್ರೈವು ತುಂಬಿಹೋಗಿದ್ದರೆ ಅಷ್ಟಕ್ಕೂ ಬೆಳೆಯಲಾರದು. ಸ್ಥಳ ಕಡಿಮೆಯಾಗಿದೆಯೆಂಬ ಎಚ್ಚರಿಕೆಗೂ ಸ್ಮೃತಿ ಸಾಲದೆಂಬ ದೂರಿಗೂ ಇರುವ ನಂಟು ಇದು. ಒಂದನ್ನು ಮೂಕವಾಗಿಸಿದವನು ಇನ್ನೊಂದನ್ನು ಬರಮಾಡಿಕೊಂಡಂತೆ.

ಎಚ್ಚರಿಕೆಯೇ ತಡವಾಗಿ ಬರುತ್ತದೆಂಬುದು ನನ್ನ ಆಕ್ಷೇಪಣೆ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ 200 ಮೆಗಾಬೈಟ್ ಉಳಿದಾಗ ಮೊದಲ ಸೂಚನೆ, ಬಳಿಕ 80ಕ್ಕೆ, 50ಕ್ಕೆ ಇನ್ನೆರಡು ಸೂಚನೆಗಳು ಬರುತ್ತಿದ್ದವು. 60 ಜಿಬಿ ಡ್ರೈವಿನಲ್ಲಿ 200 ಮೆಗಾಬೈಟ್ ಎಂದರೆ ಮುನ್ನೂರರಲ್ಲಿ ಒಂದು ಪಾಲು; ಒಂದು ದೊಡ್ಡ ಅಪ್‌ಡೇಟಿಗೆ ಹಲವು ಜಿಬಿ ಬೇಕಾಗುತ್ತದೆ. ಆದುದರಿಂದ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಡ್ರೈವಿನ ಪಟ್ಟಿಯನ್ನು. ನೂರಕ್ಕೆ ಹತ್ತಕ್ಕಿಂತ ಕಡಿಮೆ ಉಳಿದಾಗ ಅದು ಕೆಂಪಾಗುತ್ತದೆ. ಸಿ ಡ್ರೈವು ಕೆಂಪಾದರೆ ಅಂದೇ ಕೈಹಚ್ಚಬೇಕು. ಸಿನಿಮಾಗಳನ್ನು ತುಂಬಿದ 1,000 ಜಿಬಿಯ ಡ್ರೈವು ಕೆಂಪಾದರೆ ಅಷ್ಟು ಗಾಬರಿ ಬೇಡ. ಅಲ್ಲಿ ಇನ್ನೂ 90 ಜಿಬಿ ಇರಬಹುದು.

ಎಚ್ಚರಿಕೆಯು ಯಾವ ಡ್ರೈವಿನದೆಂದು ಓದುವುದೂ ಅಗತ್ಯ. 2018ರ ಏಪ್ರಿಲ್ ಅಪ್‌ಡೇಟಿನ ತರುವಾಯ ಹಲವರ ಯಂತ್ರಗಳಲ್ಲಿ, ತಯಾರಕರು ಮರೆಯಲ್ಲಿಟ್ಟಿದ್ದ ಒಂದು ಸಣ್ಣ ಭಾಗಕ್ಕೆ ತಾನಾಗಿಯೇ ಅಕ್ಷರವೊಂದು ಸಿಕ್ಕಿ, ಅದು ತುಂಬಿದೆಯೆಂದು ಪದೇ ಪದೇ ಸೂಚನೆ ಬರತೊಡಗಿತು. ಅದು ತುಂಬಿರಬೇಕಾದ ಭಾಗವೇ. ಆ ಅಕ್ಷರವನ್ನು ತೆಗೆದರೆ ಸಾಕಾಗಿತ್ತು. ಕೆಲವರು ಗಾಬರಿಯಿಂದ ತಮ್ಮ ಒಳ್ಳೆಯ ಕಡತಗಳನ್ನು ಅಳಿಸಿಕೊಂಡಿದ್ದರೆ ಆಶ್ಚರ್ಯವಿಲ್ಲ.

ತೆಗೆಯತಕ್ಕದ್ದೇನು? ಅಪ್‌ಡೇಟಿನ ನಂತರ ಉಳಿದ ಹಳೆಯ ವಿಂಡೋಸಿನ ಪ್ರತಿ, ತಾತ್ಕಾಲಿಕ ಕಡತಗಳು, ಕಸದ ಬುಟ್ಟಿ, ಒಮ್ಮೆ ಇಳಿಸಿಕೊಂಡು ಮರೆತ ಡೌನ್‌ಲೋಡುಗಳು. ಇವನ್ನು ಡಿಸ್ಕ್ ಕ್ಲೀನಪ್ಪಿನ ಮೂಲಕವೋ, 2017ರಿಂದ ವಿಂಡೋಸ್ 10ರಲ್ಲಿ ದೊರೆಯುತ್ತಿರುವ ಸ್ಟೋರೇಜ್ ಸೆನ್ಸಿನ ಮೂಲಕವೋ ತೆಗೆಯಬಹುದು. ಹೈಬರ್ನೇಟ್ ಸೌಲಭ್ಯವನ್ನು ಬಳಸದವರು ಅದನ್ನು ನಿಲ್ಲಿಸಿದರೆ ರ‍್ಯಾಮಿನ ಗಾತ್ರದ ನೂರಕ್ಕೆ ನಲವತ್ತರಷ್ಟು ಜಾಗ ಸಿಗಬಹುದು. ಯಂತ್ರವು ಏಳುವುದು ಸ್ವಲ್ಪ ನಿಧಾನವಾದೀತು. ವಿಂಡೋಸಿನ ಫೋಲ್ಡರಿನೊಳಕ್ಕೆ ಕೈಹಾಕಿ ದೊಡ್ಡದಾಗಿ ಕಂಡದ್ದನ್ನೆಲ್ಲ ಅಳಿಸುವುದು ಮಾತ್ರ, ಹೂಳೆತ್ತಲು ಹೋಗಿ ಏರಿಯನ್ನೇ ಅಗೆದಂತೆ.

ಇಷ್ಟೆಲ್ಲ ಮಾಡಿದರೂ 4 ಜಿಬಿ ರ‍್ಯಾಮ್ 8 ಆಗುವುದಿಲ್ಲ. ಕೆಲಸಕ್ಕೆ ಬೇಕಾದ ಪುಟಗಳು ಸ್ಮೃತಿಯಲ್ಲಿ ಹಿಡಿಸದೆಹೋದರೆ ಯಂತ್ರವು ಕೆಲಸವನ್ನು ಬಿಟ್ಟು ಪುಟಗಳನ್ನು ಹೊರುವುದರಲ್ಲಿಯೇ ಮುಳುಗುತ್ತದೆ. 1968ರಲ್ಲಿಯೇ ಅಮೆರಿಕದ ಪೀಟರ್ ಡೆನ್ನಿಂಗ್ ಇದರ ಕಾರಣವನ್ನು ವಿವರಿಸಿದ್ದರು. ಅಂಥ ಸ್ಥಿತಿಯಲ್ಲಿ ರ‍್ಯಾಮ್ ಹೆಚ್ಚಿಸುವುದೊಂದೇ ನೇರವಾದ ದಾರಿ. ಹೊಸ ಲ್ಯಾಪ್‌ಟಾಪ್ ಕೊಳ್ಳುವುದಕ್ಕೆ ಹೋಲಿಸಿದರೆ ಅದರ ವೆಚ್ಚ ಅಲ್ಪ. ಮಗನ ಯಂತ್ರ ಕೆಟ್ಟಿತೆಂದು ನನ್ನ ತಂಗಿಯು ಆಗಲೇ ಹೊಸದರ ಬೆಲೆಯನ್ನು ವಿಚಾರಿಸುತ್ತಿದ್ದಳು. ವಾಸ್ತವವಾಗಿ ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ನಾವು ಡಿಯಲ್ಲಿದ್ದ ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕೊಂದಕ್ಕೆ ಇಳಿಸಿಕೊಂಡು, ಡಿ ಭಾಗವನ್ನು ಅಳಿಸಿ, ಸಿ ಡ್ರೈವನ್ನು 200 ಜಿಬಿಗೆ ವಿಸ್ತರಿಸಿದೆವು. ಖಾಲಿ ಜಾಗವು ಸಿ ಡ್ರೈವಿಗೆ ತಗುಲಿದಂತೆ ಬಲಗಡೆಗೆ ಇದ್ದರೆ ಮಾತ್ರ ವಿಂಡೋಸಿನ ಸಾಧನದಿಂದ ಇದು ಸಾಧ್ಯ. ಪ್ರತಿಯನ್ನು ತೆಗೆದುಕೊಳ್ಳದೆ ಯಾರೂ ಇದಕ್ಕೆ ಕೈಹಾಕಬಾರದು. ಪೇಜ್‌ಫೈಲನ್ನು ಸಿ ಡ್ರೈವಿಗೇ ಹಿಂದಕ್ಕೆ ತಂದು ಗಾತ್ರವನ್ನು ವ್ಯವಸ್ಥೆಗೆ ಬಿಟ್ಟೆವು. ಎಚ್ಚರಿಕೆಯ ಬಾಯನ್ನೂ ಬಿಚ್ಚಿದೆವು. ಪ್ರಬಂಧದ ಆರು ಹಾಳೆಗಳನ್ನು ಅವನು ಎರಡು ರಾತ್ರಿ ಕುಳಿತು ಮತ್ತೆ ಬರೆದನು. ಇ ಡ್ರೈವಿನಲ್ಲಿರುವ ಸಿನಿಮಾಗಳನ್ನು ಅಳಿಸುವ ವಿಷಯದಲ್ಲಿ ಮಾತ್ರ ಮಾವನ ಮಾತು ನಡೆಯಲಿಲ್ಲ.